ಮೇಷ್ಟ್ರ ಪಾನಾ

ಮೇಷ್ಟ್ರು ತೀರಿಕೊಂಡ ದಿನ ನಮ್ಮ ತಂಡದ ವಾಟ್ಸಾಪ್ ಗುಂಪಿನಲ್ಲಿ ಬಂದದ್ದನ್ನೆಲ್ಲ ಕೂತು ಓದಿದೆ. ಒಬ್ಬ ಶಿಸ್ತಿನ ಸಿಪಾಯಿ ಅಂದ. ಇನ್ನೊಬ್ಬ ಉಕ್ಕಿನ ಮನುಷ್ಯ ಅಂದ. ಮತ್ತೊಬ್ಬ, ಏನನ್ನೂ ಸಡಿಲ ಬಿಡದ ಗುರುಗಳು ಅಂತ ಬರೆದು ಕೆಳಗೆ ಕೈಮುಗಿದ ಚಿತ್ರಗಳನ್ನು ಸಾಲಾಗಿ ಹಾಕಿದ. ಸಂಜೆಯ ಹೊತ್ತಿಗೆ ಅದೇ ಮಾತು ಫ್ಲೆಕ್ಸ್ ಆಗಿ ಅವರ ಬೀದಿಯ ತಿರುವಿನಲ್ಲಿ ನಿಂತಿತ್ತು. ನನಗೆ ಅಸಹ್ಯವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತ ನಮ್ಮವ್ವ ಹೇಳಿಕೊಟ್ಟಿದ್ದಾಳೆ, ನಿಜ. ಆದರೆ ಸುಳ್ಳು ಆಡಬೇಕು ಅಂತ ಅವಳು ಹೇಳಿಕೊಟ್ಟಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಅವರ ಶಿಷ್ಯರೆಲ್ಲ ನಮ್ಮ ಮನೆ ಬಾಗಿಲಿಗೆ ಬರುತ್ತಾರೆ, ಮುಂದೆ ನನ್ನ ತಮ್ಮನೇ ನಿಂತಿರುತ್ತಾನೆ. ಊರಿಗೆಲ್ಲ ಅವರು ಮೇಷ್ಟ್ರು. ಇಲ್ಲೂ ಹಾಗೇ ಇರಲಿ.

ನನ್ನ ಕಸುಬು ಏನು ಅಂತ ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ಯಾರಿಗೂ ತಿಳಿಯುವುದಿಲ್ಲ. ನೀರಿನೊಳಗೆ ಇಳಿಯುವವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರು, ಅದರ ತಲೆಯ ಮೇಲೆ ಕೂರುವ ರೆಗ್ಯುಲೇಟರು, ಅಲ್ಲಿಂದ ಬಾಯಿಗೆ ಬರುವ ಪೈಪು, ಇವನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಾಯಿಸಿ, ಮತ್ತೆ ಜೋಡಿಸಿ ಕೊಡುವುದು ನನ್ನ ಕೆಲಸ. ಸ್ಕೂಬಾ ಸಾಮಾನಿನ ಸರ್ವಿಸ್ ಅನ್ನಿ. ಸಮುದ್ರವೇ ಇಲ್ಲದ ಮೈಸೂರಿನಲ್ಲಿ ಇದೆಂಥ ಕೆಲಸ ಕಣಮ್ಮ ಅಂತ ಕೇಳದವರಿಲ್ಲ. ಅಶೋಕಪುರಂನಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಸಾಲಾಗಿ ನಿಂತ ಸಿಲಿಂಡರುಗಳನ್ನು ಕಂಡು ಹಾಲಿನವರು ಆಕ್ಸಿಜನ್ನಾ ಅನ್ನುತ್ತಾರೆ. ಎದುರುಮನೆಯವರು ಮಗುವಿನ ಹುಟ್ಟುಹಬ್ಬಕ್ಕೆ ಬಲೂನು ಊದಿಕೊಡಿ ಅನ್ನುತ್ತಾರೆ. ಡಿಪ್ಲೊಮಾ ಮುಗಿಸಿ, ಕಾರವಾರದ ಕಡೆ ಒಂದು ಡೈವಿಂಗ್ ಅಂಗಡಿಯಲ್ಲಿ ಕಲಿತು ಬಂದ ವಿದ್ಯೆ ಇದು. ಅವ್ವನ ಮಂಡಿ ಹೋದ ಮೇಲೆ ಊರಿಗೆ ವಾಪಸು ಬಂದೆ. ಸಮುದ್ರ ಇಲ್ಲದಿದ್ದರೇನು, ಸುತ್ತ ನಾಲೆಗಳಿವೆ, ಹಿನ್ನೀರಿದೆ, ಕಲ್ಲು ತೆಗೆದು ಹಾಗೇ ಬಿಟ್ಟ ಕ್ವಾರಿಗಳಿವೆ. ಜನ ಮುಳುಗುತ್ತಲೇ ಇರುತ್ತಾರೆ. ಮುಳುಗಿದವರನ್ನು ಎತ್ತಲು ಯಾರಾದರೂ ಇಳಿಯಲೇಬೇಕು. ಹಾಗೆ ಇಳಿಯುವವರು ಮೇಷ್ಟ್ರ ತಂಡದವರು.

ಮೇಷ್ಟ್ರು ಶಾಲೆಯಲ್ಲಿ ಪಿಟಿ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ, ತಾವು ಈಜು ಕಲಿಸಿದ ಹಳೆಯ ಹುಡುಗರನ್ನೇ ಸೇರಿಸಿ ತಂಡ ಕಟ್ಟಿದರು. ಹುಡುಗರು ಅಂದರೆ ಈಗ ಅವರಿಗೂ ಕಿವಿಯ ಪಕ್ಕ ನೆರೆಯುತ್ತಿದೆ. ಒಬ್ಬ ಎಲೆಕ್ಟ್ರಿಷಿಯನ್, ಒಬ್ಬ ಬ್ಯಾಂಕಿನಲ್ಲಿದ್ದಾನೆ, ನನ್ನ ತಮ್ಮ ಸಿದ್ಧಾರ್ಥನಗರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಎಲ್ಲಾದರೂ ಯಾರಾದರೂ ಮುಳುಗಿದರು ಅಂದರೆ ಪೊಲೀಸರ ಫೋನು ಮೊದಲು ಬರುತ್ತಿದ್ದದ್ದು ಮೇಷ್ಟ್ರಿಗೆ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ, ಇಸ್ತ್ರಿ ಅಂಗಿಯಲ್ಲೇ ಚಾಮುಂಡಿ ಬೆಟ್ಟದ ಪಾದಕ್ಕೆ ಬಂದು, ಇವರನ್ನೆಲ್ಲ ಮೆಟ್ಟಿಲು ಹತ್ತಿಸುತ್ತಿದ್ದರು. ಮೇಲೆ ಹುಡುಗರು ತಾಯಿಯ ದರ್ಶನಕ್ಕೆ ಒಳಗೆ ಹೋದರೆ ಮೇಷ್ಟ್ರು ಅವರ ಚಪ್ಪಲಿ ಕಾಯುತ್ತ, ಕಡಲೆಕಾಯಿ ತಿನ್ನುತ್ತ ಹೊರಗೆ ನಿಲ್ಲುತ್ತಿದ್ದರು. ಇದೆಲ್ಲ ಚೆನ್ನಾಗಿತ್ತು. ಇದು ಚೆನ್ನಾಗಿಲ್ಲ ಅಂತ ನಾನು ಎಂದೂ ಅಂದವಳಲ್ಲ.

ಕೆಟ್ಟದ್ದು ಇದ್ದದ್ದು ಅವರ ಮುಂಗೈಯಲ್ಲಿ. ಮುಚ್ಚಿದ್ದನ್ನು ಮುಚ್ಚಿದೆ ಅಂತ ಬಿಡುವುದು ಆ ಕೈಗೆ ಗೊತ್ತಿರಲಿಲ್ಲ. ತಿರುಗಿಸುವ ವಸ್ತು ಯಾವುದೇ ಸಿಗಲಿ, ಅದು ತಾನಾಗಿ ನಿಂತ ಮೇಲೆ ಮೇಷ್ಟ್ರು ಉಸಿರು ಕಟ್ಟಿ, ಹಲ್ಲು ಕಚ್ಚಿ, "ಇನ್ನೊಂದ್ ಸುತ್ತು" ಅನ್ನುತ್ತಿದ್ದರು. ಆ ಇನ್ನೊಂದು ಸುತ್ತು ಅಲ್ಲಿ ಇರುತ್ತಲೇ ಇರಲಿಲ್ಲ. ಇಲ್ಲದ್ದನ್ನು ಅವರು ಬಲದಿಂದ ಹುಟ್ಟಿಸುತ್ತಿದ್ದರು. ಕೈ ಸಾಲದಿದ್ದರೆ ಪಾನಾ ಬರುತ್ತಿತ್ತು. ನಲ್ಲಿ ರಿಪೇರಿಯವರ ಚೀಲದಲ್ಲಿ ಇರುತ್ತದಲ್ಲ, ಅಂಥ ಉದ್ದ ಹಿಡಿಯ ಪೈಪ್ ಪಾನಾ, ಕೆಂಪು ಬಣ್ಣ ಅಲ್ಲಲ್ಲಿ ಕಿತ್ತು ಹೋದದ್ದು. ಅದನ್ನು ಒಂದು ಹಳೆಯ ಟವೆಲಿನಲ್ಲಿ ಸುತ್ತಿ, ತಂಡದ ಜೀಪಿನಲ್ಲಿ ಹೋಗುವಾಗ ತಮ್ಮ ಕಾಲ ಹತ್ತಿರವೇ ಇಟ್ಟುಕೊಳ್ಳುತ್ತಿದ್ದರು. ಮನೆಯ ನಾಯಿಯನ್ನು ಕೂರಿಸಿಕೊಂಡ ಹಾಗೆ.

ಅವರು ನನ್ನ ಬೆಂಚಿನ ಮೇಲೆ ಇಟ್ಟ ಮೊದಲನೇ ಸಿಲಿಂಡರಿನ ವಾಲ್ವು, ಅಂದರೆ ಗಾಳಿ ಬಿಟ್ಟು ನಿಲ್ಲಿಸುವ ತಿರುಪು, ನನ್ನ ಕೈಗೆ ಅಲುಗಲಿಲ್ಲ. ಬೆಂಚಿನ ವೈಸ್ ಇಕ್ಕಳಕ್ಕೆ ಹಿಡಿಸಿ ಬಿಚ್ಚಿದೆ. ಪೈಪಿನ ತುದಿಯ ಹಿತ್ತಾಳೆ ನಟ್ಟಿನ ಮೂಲೆಗಳೆಲ್ಲ ಉರುಟಾಗಿದ್ದವು, ಇಲಿ ಕಡಿದ ಕೊಬ್ಬರಿಯ ಹಾಗೆ. ಇನ್ನೊಂದು ತೂತಿನ ಥ್ರೆಡ್ಡು ಪುಡಿಯಾಗಿ ಬಂತು. ನಾನು ಮೇಷ್ಟ್ರನ್ನು ಕೂರಿಸಿಕೊಂಡು, ಕುಕ್ಕರಿನ ಉದಾಹರಣೆ ಕೊಟ್ಟು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಕುಕ್ಕರಿನ ಗಾಳಿ ತಡೆಯುವುದು ಗ್ಯಾಸ್ಕೆಟ್ಟು, ಮುಚ್ಚಳವಲ್ಲ. ಇಲ್ಲೂ ಅಷ್ಟೇ. ನಟ್ಟಿನ ಒಳಗೆ ಒಂದು ರಬ್ಬರ್ ಉಂಗುರ ಇರುತ್ತದೆ, ಗಾಳಿಯನ್ನು ಹಿಡಿಯುವುದು ಅದು. ವಾಲ್ವಿನೊಳಗೆ ಒಂದು ಮೆತ್ತನೆಯ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ, ಅದು ಹೋಗಿ ತೂತಿಗೆ ಕೂತರೆ ಮುಗಿಯಿತು. ಹೆಚ್ಚು ಒತ್ತಿದರೆ ಬಿಲ್ಲೆ ಕೊಯ್ದುಹೋಗುತ್ತದೆ. ಕೊಯ್ದದ್ದು ಸೋರುತ್ತದೆ. ಸೋರಿತು ಅಂತ ಇನ್ನೂ ಬಿಗಿ ಮಾಡುತ್ತೀರಿ, ಅದು ಇನ್ನೂ ಕೊಯ್ಯುತ್ತದೆ. ಬಿಗಿ ಮಾಡಿದಷ್ಟೂ ಬಿಗಿ ಬೇಕಾಗುತ್ತದೆ ಮೇಷ್ಟ್ರೇ, ಎರಡು ಬೆರಳಲ್ಲಿ ತಿರುಗಿಸಿ, ನಿಂತ ಕಡೆ ಬಿಟ್ಟುಬಿಡಿ ಅಂದೆ.

ಮೇಷ್ಟ್ರು ನಕ್ಕರು.

"ಎರಡ್ ಬೆರಳಲ್ಲಿ ಮೂಗುಬೊಟ್ಟಿನ ತಿರುಪು ತಿರುಗಿಸ್ತಾರೆ ಕಣಮ್ಮ. ಇದು ಪ್ರಾಣದ ವಿಷ್ಯ."

ಜೊತೆಗೆ ಬಂದಿದ್ದ ಹುಡುಗರೂ ನಕ್ಕರು. ನನ್ನ ತಮ್ಮನೂ ನಕ್ಕ. ನನ್ನ ಮೂಗಿನಲ್ಲಿ ಮೂಗುಬೊಟ್ಟು ಇತ್ತು, ಅದನ್ನು ಎಲ್ಲರೂ ನೋಡಿದರು. ಹೋಗುವಾಗ ಮೇಷ್ಟ್ರು ಕೈಕುಲುಕಿದರು. ನನ್ನ ಬೆರಳಿನ ಉಂಗುರ ಪಕ್ಕದ ಬೆರಳಿಗೆ ಕಚ್ಚಿ ಗುರುತು ಬಿತ್ತು.

ಅವರ ಮನೆಗೆ ಕ್ರಿಸ್‌ಮಸ್‌ಗೆ ಒಮ್ಮೆ ಹೋಗಿದ್ದೆ. ಮೇಷ್ಟ್ರ ಹೆಂಡತಿ ಸಣ್ಣ ಆಳು, ಮಾತು ಕಡಿಮೆ. ನಾವೆಲ್ಲ ಅವರನ್ನು ಅಮ್ಮ ಅನ್ನುತ್ತಿದ್ದೆವು. ಕಲ್‌ಕಲ್ ಅನ್ನುವ ಹಬ್ಬದ ಕರಿದ ಸಿಹಿ ಕೊಡುತ್ತೇನೆ ಅಂತ ಅಡುಗೆಮನೆಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಡಬ್ಬಿಯ ತಿರುಗಿಸುವ ಮುಚ್ಚಳವನ್ನು ಹಿತ್ತಿಲ ಬಾಗಿಲಿನ ಸಂದಿಗೆ ಸಿಕ್ಕಿಸಿ, ಬಾಗಿಲನ್ನು ಸೊಂಟದಿಂದ ಒತ್ತಿಹಿಡಿದು, ಎರಡೂ ಕೈಯಲ್ಲಿ ಡಬ್ಬಿಯನ್ನೇ ತಿರುಗಿಸುತ್ತಿದ್ದಾರೆ. ಬಾಗಿಲಿನ ಚೌಕಟ್ಟಿನಲ್ಲಿ ಆ ಎತ್ತರದಲ್ಲಿ ಮರ ತಿಂದುಹೋಗಿ ಹಲ್ಲಿನ ಗುರುತುಗಳ ಹಾಗೆ ಸಾಲು ಸಾಲು ಬಿದ್ದಿದ್ದವು. ಎಷ್ಟು ವರ್ಷದ ಉಪ್ಪಿನಕಾಯಿ, ಎಷ್ಟು ವರ್ಷದ ಹಾರ್ಲಿಕ್ಸು. ನನ್ನನ್ನು ಕಂಡು ಅಮ್ಮ ನಾಚಿಕೊಂಡರು. ಅವರು ಮಲಗೋ ಮುಂಚೆ ಎಲ್ಲ ಡಬ್ಬಿನೂ ಒಂದ್ಸಲ ನೋಡ್ತಾರೆ, ಇರುವೆ ಬರುತ್ತೆ ಅಂತ, ಅಂದರು. ನಾನು ಡಬ್ಬಿ ಈಸಿಕೊಂಡು, ಕೊನೆಗೆ ಇಬ್ಬರೂ ಸೇರಿ ತೆಗೆದೆವು. ಒಳಗಿದ್ದ ಕಲ್‌ಕಲ್ ಗರಿಗರಿಯಾಗಿಯೇ ಇತ್ತು ಅನ್ನಿ.

ಅವರ ಕಡೆಯಿಂದ ಬರುತ್ತಿದ್ದ ಸಾಮಾನಿನ ಹೇಸಿಗೆಯನ್ನೂ ಹೇಳಿಬಿಡುತ್ತೇನೆ. ನಾಲೆಯ ಕೆಸರು, ಪಾಚಿ, ಕೂದಲು, ಇವೆಲ್ಲ ಕಸುಬಿನದ್ದು, ನನಗೆ ಅಭ್ಯಾಸ. ಆದರೆ ಬಿಗಿ ಮಾಡಿ ಮಾಡಿ ಕಚ್ಚಿಕೊಂಡ ನಟ್ಟುಗಳನ್ನು ಸಡಿಲಿಸಲು ಮೇಷ್ಟ್ರು ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ಒತ್ತಡದ ಗಾಳಿ ಹೋಗುವ ದಾರಿಗೆ ಎಣ್ಣೆ ತಾಗಿಸಬಾರದು ಅಂತ ಎಷ್ಟು ಬಡಕೊಂಡರೂ ಕೇಳಲಿಲ್ಲ. ಆ ಎಣ್ಣೆ ಒಳಗೆ ಇಳಿದು, ಕೆಸರಿನ ಜೊತೆ ಸೇರಿ, ವಾರಗಟ್ಟಲೆ ಕೂತು ಕಮಟು ನಾರುತ್ತಿತ್ತು. ಬಿಚ್ಚಿದರೆ ಕೋಣೆಯ ತುಂಬ ಹಳಸಿದ ಚಟ್ನಿಯ ವಾಸನೆ. ಅವ್ವ ಮೂಗಿಗೆ ಸೆರಗು ಹಿಡಿದುಕೊಂಡು ಏನೇ ಅದು ಅನ್ನುವಳು. ನಿನ್ನ ಮಗ ಬಾಯಿಗಿಟ್ಟುಕೊಂಡು ಉಸಿರಾಡುವ ಯಂತ್ರ ಕಣವ್ವ ಅಂದರೆ ಥೂ ಅಂತ ಎದ್ದುಹೋಗುವಳು.

ಒಂದು ಕಡೆ ಮಾತ್ರ ಮೇಷ್ಟ್ರ ಕೈ ಮೆತ್ತಗಿರುತ್ತಿತ್ತು. ಹೆಣವನ್ನು ದಡಕ್ಕೆ ತಂದ ಮೇಲೆ, ಮನೆಯವರನ್ನು ಹತ್ತಿರ ಬಿಡುವ ಮೊದಲು, ಮೇಷ್ಟ್ರು ಮಂಡಿಯೂರಿ ಕೂತು ಆ ಮುಖವನ್ನು ತೊಳೆಯುತ್ತಿದ್ದರು. ಒದ್ದೆ ಕರವಸ್ತ್ರದಲ್ಲಿ ಕಣ್ಣಿನ ಮೂಲೆಯ ಕೆಸರು, ಕಿವಿಯ ಮಡಿಕೆಯ ಕೆಸರು, ಹೆಣ್ಣುಮಕ್ಕಳಾದರೆ ಹಣೆಯ ಮೇಲೆ ಅಂಟಿದ ಕೂದಲನ್ನು ಒಂದೊಂದಾಗಿ ಸರಿಸಿ. ನಾನು ಒಂದೇ ಸಲ ನೋಡಿದ್ದು, ಒಂದು ನಾಲೆಯ ಏರಿಯ ಮೇಲೆ. ಹಸುಗೂಸಿಗೆ ನೀರು ಹಾಕುವ ಅಜ್ಜಿಯ ಕೈ ಅದು. ಜನ ಅದನ್ನು ನೋಡಿ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಆಮೇಲೆ ಮನೆಗೆ ಬಂದು ಯೋಚಿಸುತ್ತ ಯೋಚಿಸುತ್ತ ಸಿಟ್ಟು ಬಂತು. ಎಷ್ಟು ಒತ್ತಬೇಕು ಅಂತ ಈ ಮನುಷ್ಯನಿಗೆ ಗೊತ್ತಿದೆ. ಗೊತ್ತಿದ್ದೂ ಸತ್ತವರಿಗೆ ಮಾತ್ರ ಅದನ್ನು ಮೀಸಲಿಟ್ಟಿದ್ದಾರೆ.

ಇನ್ನು ಆ ಆಯುಧಪೂಜೆಯ ವಿಷಯ.

ಮೇಷ್ಟ್ರ ಮನೆಯ ಹಿಂದೆ ಒಂದು ಶೆಡ್ಡಿದೆ. ತಂಡದ ಸಾಮಾನೆಲ್ಲ ಅಲ್ಲೇ. ಮೇಷ್ಟ್ರು ಏಸುವಿನವರಾದರೂ ಹುಡುಗರ ಆಯುಧಪೂಜೆಗೆ ಎಂದೂ ಅಡ್ಡಿಮಾಡಿದವರಲ್ಲ, ತಾವೇ ಮುಂದೆ ನಿಂತು ಮಾಡಿಸುತ್ತಿದ್ದರು. ಹಿಂದಿನ ದಿನ ಎಲ್ಲ ತೊಳೆದು ಒರೆಸಿ ಇಡುವುದು. ಪೂಜೆಯ ದಿನ ಸಿಲಿಂಡರಿಗೆಲ್ಲ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಬೂದುಗುಂಬಳಕಾಯಿ. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಎತ್ತುವಂತಿಲ್ಲ. ಆ ವರ್ಷ ಹಿಂದಿನ ದಿನವೇ ಮೇಷ್ಟ್ರು ಒಂದೊಂದು ಸಿಲಿಂಡರಿನ ವಾಲ್ವನ್ನೂ ಪಾನಾ ಹಾಕಿ ಬಿಗಿದರು. ಒಂದು ದಿನ ಪೂರ್ತಿ ಯಾರೂ ಮುಟ್ಟುವುದಿಲ್ಲ, ಪೂಜೆಯಲ್ಲಿ ಕೂತಿರುವಾಗ ಗಾಳಿ ಸೋರಬಾರದು ಅಂತ. ಆಮೇಲೆ ಪಾನಾವನ್ನು ತೊಳೆದು, ಚಾಮುಂಡಿಯ ಪಟದ ಮುಂದೆ ಎಲ್ಲಕ್ಕಿಂತ ಎತ್ತರದಲ್ಲಿ, ಮಣೆಯ ಮೇಲೆ ಇಡಿಸಿದರು.

ಪೂಜೆಯ ಮಧ್ಯಾಹ್ನವೇ ಫೋನು ಬಂತು. ದಸರಾ ನೋಡಲು ಬಂದ ಯಾರೋ ಹಿನ್ನೀರಿನ ಬಂಡೆಯ ಮೇಲೆ ಫೋಟೋ ತೆಗೆಸಿಕೊಳ್ಳಲು ಹೋಗಿ ಜಾರಿಬಿದ್ದಿದ್ದರು. ಹುಡುಗರು ಶೆಡ್ಡಿಗೆ ಓಡಿದರು. ಅಲ್ಲಿ ಮೇಷ್ಟ್ರು ತೀರ್ಪು ಕೊಟ್ಟರು. ಸಿಲಿಂಡರು ಎತ್ತಿ, ಕೈಮುಗಿದು ಎತ್ತಿ, ಅದು ಜನದ ಕೆಲಸ, ತಾಯಿ ಕ್ಷಮಿಸುತ್ತಾಳೆ. ಪಾನಾ ಮಾತ್ರ ಬೇಡ, ಮಣೆ ಮೇಲೆ ಇಟ್ಟದ್ದು ನಾಳೆಯವರೆಗೂ ದೇವರದ್ದು. ಎಲೆಕ್ಟ್ರಿಷಿಯನ್ ಇದನ್ನು ನನಗೆ ಆಮೇಲೆ ಹೇಳಿದ. ಹಿಂದೂಗಳಾದ ಇವರೇ, ಹೋಗ್ಲಿ ಬುಡಿ ಮೇಷ್ಟ್ರೇ, ತಗೊಂಡ್ಹೋಗನ ಅಂದರಂತೆ. ಮೇಷ್ಟ್ರು ಜಗ್ಗಲಿಲ್ಲ. ಬೇರೆ ದೇವರವನು ಬಂದು ನಮ್ಮ ದೇವರಿಗೆ ಮರ್ಯಾದೆ ಕಡಿಮೆ ಮಾಡಿದ ಅಂತ ನಾಳೆ ಯಾರೂ ಅನ್ನಬಾರದು, ಅದು ಅವರ ಹೆದರಿಕೆ. ಇದರಲ್ಲೂ ಇನ್ನೊಂದು ಸುತ್ತು.

ದಡದಲ್ಲಿ ವಾಲ್ವು ತೆರೆಯಲಿಲ್ಲ. ತೆರೆಯುವುದೆಲ್ಲಿಂದ, ಪಾನಾದಿಂದ ಬಿಗಿದದ್ದು ಕೈಗೆ ಬರುತ್ತದೆಯೇ? ಅಲ್ಲಿ ಮುಳುಗಿದವನ ಹೆಂಡತಿ ಬಂಡೆಯ ಮೇಲೆ ಕೂತು ಕೂಗುತ್ತಿದ್ದಾಳೆ. ಇಬ್ಬರು ಒದ್ದೆ ಟವೆಲು ಸುತ್ತಿ ಹಿಡಿದು ತಿರುಚಿದರು. ಕೊನೆಗೆ ಒಂದಿಷ್ಟು ಅಲುಗಿತು, ಸುಯ್ ಅಂತ ಗಾಳಿ ಬಂತು, ಮೀಟರಿನ ಮುಳ್ಳು ಮೇಲಕ್ಕೆ ಹೋಯಿತು. ಬಂತು ಬಂತು ಅಂದರು. ಬೆನ್ನಿಗೆ ಕಟ್ಟಿಕೊಂಡು ಇಳಿದವನು ನನ್ನ ತಮ್ಮ.

ವಾಲ್ವು ಪೂರ್ತಿ ತೆರೆಯದೆ ಒಂದು ಕೂದಲೆಳೆಯಷ್ಟು ತೆರೆದಿದ್ದರೆ ಏನಾಗುತ್ತದೆ ಅಂದರೆ, ಮೇಲಿರುವಾಗ ಏನೂ ಗೊತ್ತಾಗುವುದಿಲ್ಲ. ಉಸಿರು ಸಲೀಸಾಗಿ ಬರುತ್ತದೆ. ಕೆಳಗೆ ಇಳಿದಷ್ಟೂ ಒಂದೊಂದು ಉಸಿರಿಗೂ ಹೆಚ್ಚು ಗಾಳಿ ಬೇಕು, ಆ ಸಣ್ಣ ಸಂದಿಯಿಂದ ಅಷ್ಟು ಬರುವುದಿಲ್ಲ. ತಮ್ಮ ತಳಕ್ಕೆ ಹೋದ ಮೇಲೆ ಒಳಗೆಳೆದ ಉಸಿರು ಅರ್ಧಕ್ಕೇ ನಿಂತಿತು. ಮೀಟರು ನೋಡಿದರೆ, ಎಳೆದಾಗ ಮುಳ್ಳು ಕೆಳಗೆ ಬೀಳುತ್ತದೆ, ಬಿಟ್ಟಾಗ ಮೇಲೇಳುತ್ತದೆ. ಬೆನ್ನ ಮೇಲೆ ತುಂಬಿದ ಸಿಲಿಂಡರು, ಎದೆಯಲ್ಲಿ ಗಾಳಿಯಿಲ್ಲ. ಮುಳುಗುವ ಭಾರಕ್ಕೆ ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿ ಕಿತ್ತೆಸೆದು ಮೇಲಕ್ಕೆ ಬಂದ. ಬಂದವನ ಮೂಗಿನಿಂದ ರಕ್ತ ಸುರಿಯುತ್ತಿತ್ತು, ಕೆಸರುನೀರು ಕಾರಿಕೊಂಡ, ಯಾರನ್ನೂ ಗುರುತು ಹಿಡಿಯಲಿಲ್ಲ. ಮುಳುಗಿದ್ದ ಆ ಮನುಷ್ಯನನ್ನು ಆಮೇಲೆ ಎಲೆಕ್ಟ್ರಿಷಿಯನ್ ತೆಗೆದ. ಅಷ್ಟು ಹೊತ್ತಿನಲ್ಲಿ ನಾನು ಇಲ್ಲಿ ನನ್ನ ಬೆಂಚಿಗೆ ಕುಂಕುಮ ಇಡುತ್ತಿದ್ದೆ.

ಮಾರನೆಯ ದಿನ, ಊರೆಲ್ಲ ಜಂಬೂಸವಾರಿಗೆ ಹೋಗಿರುವಾಗ, ಮೇಷ್ಟ್ರು ನಮ್ಮ ಮನೆಗೆ ಬಂದರು. ತಮ್ಮನನ್ನು ನೋಡಲು ಬಂದರು ಅಂದುಕೊಂಡೆ. ಅವನು ಮೂಗಿಗೆ ಹತ್ತಿ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. ಮೇಷ್ಟ್ರು ಅವನ ಬೆನ್ನು ತಟ್ಟಿ, ಸೀದಾ ನನ್ನ ಕೋಣೆಗೆ ಬಂದು ರೆಗ್ಯುಲೇಟರನ್ನು ಬೆಂಚಿನ ಮೇಲೆ ಇಟ್ಟರು.

"ನೀನ್ ಸರ್ವಿಸ್ ಮಾಡಿದ್ದು ಸರಿಯಾಗಿಲ್ಲ ಕಣಮ್ಮ. ಹುಡುಗ ಹೋಗ್ಬುಡ್ತಿದ್ದ."

ನಾನು ಆ ಸಿಲಿಂಡರನ್ನು ತರಿಸಿ, ಗಾಳಿ ಖಾಲಿ ಮಾಡಿ, ವಾಲ್ವನ್ನು ಅವರ ಕಣ್ಣ ಮುಂದೆಯೇ ಬಿಚ್ಚಿದೆ. ಒಳಗಿನ ಬಿಲ್ಲೆಯಲ್ಲಿ ದುಂಡಗೆ ಆಳವಾಗಿ ಕೊಯ್ದ ಗಾಯ. ಅದರೊಳಗೆ ಹಿತ್ತಾಳೆಯ ಅಂಚು ಸಿಕ್ಕಿಕೊಂಡು, ತಿರುಗಿಸುವ ಕಡ್ಡಿಯೇ ಓರೆಯಾಗಿತ್ತು. ಅಂಗೈಯಲ್ಲಿ ಇಟ್ಟು ತೋರಿಸಿದೆ. ಇದು ನನ್ನ ಸರ್ವಿಸ್ ಅಲ್ಲ ಮೇಷ್ಟ್ರೇ, ನಿಮ್ಮ ಪಾನಾ ಅಂದೆ. ಅವರು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದರು, ಉಗುರಿನಿಂದ ಕೆರೆದರು. ಒಂದು ನಿಮಿಷ ಒಪ್ಪಿಕೊಂಡರು ಅಂತಲೇ ನನಗನ್ನಿಸಿತು.

"ಮಾಲ್ ಸರಿ ಇಲ್ಲ" ಅಂದರು.

ಆ ಪಾನಾ ಬಿಸಾಕಿ, ಕೈಮುಗೀತೀನಿ ಅಂದೆ. ನಾನಿರೋ ತನಕ ಅದ್ ಇರುತ್ತೆ ಕಣಮ್ಮ, ನಾನ್ ಹೋದ್ಮೇಲೆ ಏನಾರ ಮಾಡ್ಕೋ, ಅಂದು ಎದ್ದರು. ಹಾಗಾದರೆ ಇನ್ನು ಮೇಲೆ ನಿಮ್ಮ ಒಂದು ನಟ್ಟನ್ನೂ ನಾನು ಮುಟ್ಟುವುದಿಲ್ಲ ಅಂತ ಕೂಗಿದೆ. ಕೂಗಿದ್ದು ಬೀದಿಗೆ ಕೇಳಿಸಿತು. ಅವರು ಗೇಟು ದಾಟುವಾಗ ಚಿಲಕ ಹಾಕಿ, ಹಾಕಿದ್ದನ್ನು ಇನ್ನೊಮ್ಮೆ ಒತ್ತಿ ಹೋದರು.

ಜಗಲಿಗೆ ಬಂದರೆ ತಮ್ಮ ಮುಖ ದುಮ್ಮಿಸಿಕೊಂಡು ಕೂತಿದ್ದಾನೆ. ಮೇಷ್ಟ್ರು ಹೀಗೆ ನಿನ್ನ ಪ್ರಾಣ ತೆಗೆಯುತ್ತಿದ್ದರಲ್ಲೋ ಅಂದೆ.

"ಹೋಗ್ಲಿ ಬುಡಕ್ಕ. ದೊಡ್ಡವ್ರು, ಬೇಜಾರ್ ಮಾಡ್ಕೋತಾರೆ. ಸ್ವಲ್ಪ ಬಿಗಿ ಆದ್ರೆ ಏನಂತೆ, ಸಡ್ಲ ಆಗ್ಬಾರ್ದು ಅಷ್ಟೇ."

ಮೂಗಿನಲ್ಲಿ ಕೆಂಪಗಾದ ಹತ್ತಿ ಇಟ್ಟುಕೊಂಡು ಅವನು ಈ ಮಾತು ಹೇಳಿದ. ಛೀ ಅನ್ನಿಸಿದ್ದು ಆಗ. ಮೇಷ್ಟ್ರ ಮೇಲೆ ಹುಟ್ಟಿದ್ದಕ್ಕಿಂತ ದೊಡ್ಡ ವಾಕರಿಕೆ ನನಗೆ ನನ್ನ ಒಡಹುಟ್ಟಿದವನ ಮೇಲೆ ಹುಟ್ಟಿತು.

ಮುಟ್ಟುವುದಿಲ್ಲ ಅಂದದ್ದು ನಡೆಯಲಿಲ್ಲ. ನಾನು ಮುಟ್ಟದಿದ್ದರೆ ಇವರು ಸರ್ವಿಸ್ ಇಲ್ಲದ ಸಾಮಾನನ್ನೇ ಕಟ್ಟಿಕೊಂಡು ಇಳಿಯುತ್ತಾರೆ, ಇಳಿಯುವವರಲ್ಲಿ ತಮ್ಮ ಇರುತ್ತಾನೆ. ಹೀಗಾಗಿ ಅವರು ಬಿಗಿಯುವುದು, ನಾನು ಬಿಚ್ಚುವುದು. ಅವರು ಕೊಯ್ಯುವುದು, ನಾನು ಹೊಸ ಬಿಲ್ಲೆ ಹಾಕುವುದು. ಫೋನು ಬಂತು ಅಂತ ತಿಳಿದರೆ ಸ್ಕೂಟರ್ ತಗೊಂಡು ಶೆಡ್ಡಿಗೆ ಓಡಿಹೋಗಿ, ಎಲ್ಲರ ಮುಂದೆ ಒಂದೊಂದು ವಾಲ್ವನ್ನೂ ಪೂರ್ತಿ ತೆರೆದು ನೋಡುತ್ತಿದ್ದೆ. ಮೇಷ್ಟ್ರು, ಬಂದಳಪ್ಪ ಇನ್‌ಸ್ಪೆಕ್ಟರಮ್ಮ ಅನ್ನುವರು, ಹುಡುಗರು ನಗುವರು. ನಗಲಿ. ನಾನು ಊರಲ್ಲಿಲ್ಲದ ದಿನ ಫೋನು ಬಂದರೆ ಎನ್ನುವ ಭಯಕ್ಕೆ ಮದುವೆ ಮುಂಜಿಗೂ ಹೊರಗೆ ಉಳಿಯುತ್ತಿರಲಿಲ್ಲ. ಇತ್ತೀಚೆಗೆ ಇನ್ನೂ ಒಂದು ಸೇರಿಕೊಂಡಿತ್ತು. ನನ್ನ ತಮ್ಮ ಮನೆಯಲ್ಲಿ ಬಚ್ಚಲ ನಲ್ಲಿ ನಿಲ್ಲಿಸಿದ ಮೇಲೆ ಅವನ ಮುಂಗೈ ಅದೇ ರೀತಿ ಒಂದು ಸಲ ತಿರುಚುತ್ತಿತ್ತು, ಅದೇ ಹಲ್ಲು ಕಚ್ಚುವುದು, ಅದೇ ಉಸಿರು ಕಟ್ಟುವುದು. ವಾಷರ್ ಎಷ್ಟು ಸಲ ಹಾಕಿಸುವುದು ಅಂತ ಅವನ ಹೆಂಡತಿ ಗೊಣಗುತ್ತಿದ್ದಳು.

ಮೊನ್ನೆ ಬೆಳಿಗ್ಗೆ ಮೇಷ್ಟ್ರು ಕಾಫಿ ಕುಡಿದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ.

ಮನೆಯ ಮುಂದೆ ಶಾಮಿಯಾನ, ಒಳಗೆ ಪೆಟ್ಟಿಗೆಯಲ್ಲಿ ಮೇಷ್ಟ್ರು. ಕೋಟು, ಟೈ, ಎದೆಯ ಮೇಲೆ ಜಪಸರ, ಕೈಯ ಹತ್ತಿರ ಅವರ ಪಿಟಿ ಶಿಳ್ಳೆ. ಚರ್ಚಿನ ಹೆಂಗಸರು ಹಾಡುತ್ತಿದ್ದರು. ಮುಖ ನೋಡಿದೆ. ಅಳು ಬಂತು, ಸುಳ್ಳು ಯಾಕೆ ಹೇಳಲಿ. ಯಾರೋ ಇವರ ಮುಖವನ್ನೂ ಒದ್ದೆ ಬಟ್ಟೆಯಲ್ಲಿ ಹಗುರಾಗಿ ಒರೆಸಿದ್ದರು, ಅಮ್ಮನೇ ಇರಬೇಕು.

ಹೊರಗೆ ಬಂದರೆ ಹುಡುಗರು ಶೆಡ್ಡಿನ ಮುಂದೆ ಗುಂಪಾಗಿ ನಿಂತು ಮಾತಾಡುತ್ತಿದ್ದರು. ತಂಡವನ್ನು ಇನ್ನು ನನ್ನ ತಮ್ಮ ನೋಡಿಕೊಳ್ಳುವುದು ಅಂತ ತೀರ್ಮಾನ ಆಗಿತ್ತು. ಮೇಷ್ಟ್ರ ಪಾನಾ ಇನ್ನು ನಿಂದು ಕಣೋ, ನಿನ್ನ ಕಾಲ ಹತ್ರಾನೇ ಇರ್ಬೇಕು, ಅಂತ ಬ್ಯಾಂಕಿನವನು ಹೇಳಿದ. ಪ್ರತಿ ಆಯುಧಪೂಜೆಗೂ ಮೊದಲ ಕುಂಕುಮ ಅದಕ್ಕೇ, ಅಂದ ಎಲೆಕ್ಟ್ರಿಷಿಯನ್. ತಮ್ಮ ಕಣ್ಣು ತುಂಬಿಕೊಂಡು ತಲೆಯಾಡಿಸುತ್ತಿದ್ದ. ಮನುಷ್ಯ ಹೋದರು, ಇನ್ನು ಮೇಲಾದರೂ ಇವನು ಉಳಿದ ಅಂದುಕೊಂಡಿದ್ದೆ. ಈಗ ನೋಡಿದರೆ ಆ ದರಿದ್ರ ಕಬ್ಬಿಣ ನನ್ನ ತಮ್ಮನ ಕಾಲ ಹತ್ತಿರ ಬಂದು ಕೂರುತ್ತದೆ, ಅದಕ್ಕೆ ಕುಂಕುಮ ಬೇರೆ.

ನಾನು ಒಳಗೆ ಹೋಗಿ ಅಮ್ಮನ ಪಕ್ಕ ಕೂತೆ. ಅಮ್ಮ ಮೆಲ್ಲಗೆ, ಅವರಿಗೆ ಇಷ್ಟವಾದದ್ದು ಏನಾದ್ರೂ ಇದ್ದರೆ ಜೊತೆಗಿಡಿ ಅಂತ ಫಾದರ್ ಹೇಳಿದ್ರು, ಶಿಳ್ಳೆ ಇಟ್ಟೆ, ಇನ್ನೇನು ಅಂತ ತೋಚ್ತಿಲ್ಲ ಅಂದರು. ನಾನು ಅವರ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ನಾನು ಎದ್ದು, ಹಿತ್ತಿಲ ಬಾಗಿಲಿನಿಂದ, ಆ ಹಲ್ಲಿನ ಗುರುತುಗಳನ್ನು ದಾಟಿ, ಶೆಡ್ಡಿಗೆ ಹೋಗಿ ಟವೆಲಿನ ಸಮೇತ ಪಾನಾ ಎತ್ತಿಕೊಂಡು ಬಂದೆ.

ಹಾಡು ನಿಂತಿತು. ಅಮ್ಮ ಪೆಟ್ಟಿಗೆಯೊಳಗಿನ ಬಿಳಿ ಬಟ್ಟೆಯನ್ನು ತಾವೇ ಸರಿಸಿದರು.

"ಕಾಲ ಹತ್ರ ಇಡಮ್ಮ. ಜೀಪಲ್ಲೂ ಅಲ್ಲೇ ಇಟ್ಕೋತಿದ್ರು."

ಇಟ್ಟೆ. ಅಮ್ಮ ಅದನ್ನು ಇನ್ನೂ ಒಳಕ್ಕೆ ತಳ್ಳಿ, ಬಟ್ಟೆ ಮುಚ್ಚಿ, ಮೇಲೆ ಹೂವು ಜೋಡಿಸಿದರು. ಬಾಗಿಲಲ್ಲಿ ನಿಂತಿದ್ದ ಹುಡುಗರು ಗೊಳೋ ಅಂತ ಅತ್ತರು. ಎಂಥಾ ಗೌರವ ಕಣಕ್ಕ ಅಂತ ಬ್ಯಾಂಕಿನವನು ನನ್ನ ಕೈ ಹಿಡಿದ. ಯಾರೋ ಫೋಟೋ ತೆಗೆದು ಗುಂಪಿಗೆ ಹಾಕಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಪೈಪ್ ಪಾನಾ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಅದು ನನಗೂ ಗೊತ್ತು. ಆದರೆ ಇವರ ಭಕ್ತಿಯೂ ನನಗೆ ಗೊತ್ತು. ಮೇಷ್ಟ್ರ ಪಾನಾ ಮೇಷ್ಟ್ರ ಜೊತೆ ಹೋಯಿತು ಅಂದಮೇಲೆ ಇನ್ನೊಂದನ್ನು ತಂದು ಆ ಜಾಗದಲ್ಲಿ ಇಡುವ ಎದೆ ಇವರಲ್ಲಿ ಒಬ್ಬನಿಗೂ ಇಲ್ಲ.

ಸಿಮೆಟ್ರಿಯಲ್ಲಿ, ಗುಂಡಿಯ ಪಕ್ಕ, ಕೊನೆಯ ಸಲ ಮುಖ ತೋರಿಸಿ ಮುಚ್ಚಳ ಹಾಕಿದರು. ಮುಚ್ಚಳದ ಸುತ್ತ ಹಿತ್ತಾಳೆ ಬಣ್ಣದ ತಿರುಪುಗಳು. ತಮ್ಮ ಮಂಡಿಯೂರಿ ಒಂದೊಂದನ್ನೇ ತಿರುಗಿಸುತ್ತ ಬಂದ. ಕೊನೆಯದು ತಾನಾಗಿ ನಿಂತಿತು. ಅವನ ಮುಂಗೈ ಬಿಗಿಯಿತು, ಹಲ್ಲು ಕಚ್ಚಿದ. ಹಿಂದಿನಿಂದ ಎಲೆಕ್ಟ್ರಿಷಿಯನ್, ಅಳುತ್ತಲೇ, ಅಭ್ಯಾಸಕ್ಕೆ, ಇನ್ನೊಂದ್ ಸುತ್ತು ಕಣೋ ಅಂದ. ಪಾನಾ ಎಲ್ಲಿ, ಪಾನಾ ತಗಂಬನ್ರೋ ಅಂತ ಹಿಂದಕ್ಕೆ ತಿರುಗಿದ.

ಅಮ್ಮ ಮುಂದೆ ಬಂದು ತಮ್ಮನ ಭುಜದ ಮೇಲೆ ಕೈಯಿಟ್ಟರು.

"ಪಾನಾ ಒಳಗಿದೆ ಕಣಪ್ಪ. ಇಷ್ಟೇ ಸಾಕು, ಬುಡು."

ತಮ್ಮ ತಲೆಯೆತ್ತಿ ನನ್ನನ್ನು ನೋಡಿದ. ನಾನು ಕಣ್ಣು ಕದಲಿಸಲಿಲ್ಲ. ಅವನು ಮುಷ್ಟಿ ಬಿಚ್ಚಿ, ಆ ತಿರುಪನ್ನು ಎರಡು ಬೆರಳಲ್ಲಿ ಹಿಡಿದು, ಮೂಗುಬೊಟ್ಟು ಹಾಕುವಾಗ ನೋಡುವ ಹಾಗೆ ಕೂತಿದೆಯೇ ಅಂತ ನೋಡಿ, ಕೈ ತೆಗೆದ.